ನಡುವಿನ ಮೆಟ್ಟಿಲು: ಎಲ್‌ಎಂಪಿಯಿಂದ ಸಿಎಚ್‌ಒವರೆಗೆ

1942ರ ಹೊತ್ತಿಗೆ ಬ್ರಿಟಿಷ್ ಇಂಡಿಯಾದ ವೈದ್ಯರ ನೋಂದಣಿ ಪಟ್ಟಿಯಲ್ಲಿ 47,524 ಹೆಸರುಗಳಿದ್ದವು. ಇವರಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದವರು 17,654 ಮಂದಿ. ಉಳಿದ 29,870 ಮಂದಿ ಲೈಸೆನ್ಸಿಯೇಟರು. ಮೆಡಿಕಲ್ ಸ್ಕೂಲುಗಳಲ್ಲಿ ಕಡಿಮೆ ಅವಧಿಯ ಕೋರ್ಸು ಮುಗಿಸಿ, ಎಲ್‌ಎಂಪಿ ಮುಂತಾದ ಡಿಪ್ಲೊಮಾ ಹಿಡಿದು ಬಂದವರು. ಹೋಬಳಿ ಮಟ್ಟದ ಡಿಸ್ಪೆನ್ಸರಿ ನಡೆಸುತ್ತಿದ್ದವರು, ಪ್ಲೇಗು ಕಾಲರಾ ಬಂದಾಗ ಊರೂರು ಸುತ್ತುತ್ತಿದ್ದವರು, ಗಾಯಕ್ಕೆ ಹೊಲಿಗೆ ಹಾಕಿ ಮೂಳೆಗೆ ಪಟ್ಟಿ ಕಟ್ಟುತ್ತಿದ್ದವರು ಬಹುಪಾಲು ಇವರೇ. ಅಂದರೆ ದೇಶದ ಪ್ರತಿ ಐದು ಜನ ವೈದ್ಯರಲ್ಲಿ ಮೂವರು ಇಂದಿನ ಲೆಕ್ಕದಲ್ಲಿ 'ಪೂರ್ತಿ ಡಾಕ್ಟರ್' ಆಗಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಇಂಥವರನ್ನು ತಯಾರಿಸುವ ಬಾಗಿಲು ಮುಚ್ಚಿತು. ಯಾರ ಕೆಟ್ಟ ಬುದ್ಧಿಯಿಂದಲೂ ಮುಚ್ಚಿದ್ದಲ್ಲ ಅದು. ಸಮಾನತೆಯ ಹೆಸರಿನಲ್ಲಿ, ಬಹಳ ಯೋಚಿಸಿ, ವರದಿ ಬರೆದು ಮುಚ್ಚಿದ್ದು. ಇಂದು ಶಿವಮೊಗ್ಗ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಬಿಎಸ್‌ಸಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಬಿಪಿ ನೋಡಿ, ಶುಗರ್ ನೋಡಿ, ಹಳೆಯ ಮಾತ್ರೆಯನ್ನು ಎಣಿಸಿ ಕೊಡುತ್ತಾಳೆ. ಹೊಸ ಮಾತ್ರೆ ಶುರು ಮಾಡಬೇಕೆಂದರೆ ಮಾತ್ರ ಟ್ಯಾಬ್ ತೆರೆದು ಎಲ್ಲೋ ಇರುವ ಡಾಕ್ಟರಿಗೆ ಕಾಯುತ್ತಾಳೆ. ಅವಳು ಕಾಯುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ಆ ವರದಿಗೇ ಹೋಗಿ ಮುಟ್ಟುತ್ತೇವೆ.

ಮಲೆನಾಡಿಗೆ ಡಾಕ್ಟರು ಬರುವುದಿಲ್ಲ ಎಂಬ ದೂರು ವರದಿಗಿಂತಲೂ ಹಳೆಯದು. ಚಳಿಜ್ವರದ ಸೀಮೆ ಎಂದು ಹೆಸರಾಗಿದ್ದ ಈ ಕಡೆಗೆ ವರ್ಗವಾದರೆ ಅಮಲ್ದಾರನಾಗಲಿ ಮೇಷ್ಟರಾಗಲಿ ಶಿಕ್ಷೆಯೆಂದೇ ತಿಳಿಯುತ್ತಿದ್ದ ಕಾಲವದು. ಮಲೆನಾಡಿನ ತಾಲ್ಲೂಕುಗಳಲ್ಲಿ ಜನರೇ ಕಡಿಮೆಯಾಗುತ್ತಿದ್ದಾರೆ ಎಂಬ ಆತಂಕ ಮೈಸೂರು ಸರ್ಕಾರಕ್ಕೂ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಯೋಜನೆಯಾಗಿ, ಅವರು ಬಿಟ್ಟ ಮೇಲೆ ಕಟ್ಟಿ ಮುಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕಬ್ಬಿಣ ಹೊರತೆಗೆಯಿತು. ಹಳೆಯ ಬೆಂಕಿಪುರ ನೋಡನೋಡುತ್ತ ಕಾರ್ಮಿಕರ ಪಟ್ಟಣವಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲಿನ ಕಾಡಿನಿಂದ ಇದ್ದಿಲಿಗೆ ಬೇಕಾದ ಸೌದೆ. ಕುಲುಮೆಯ ಮುಂದೆ ನಿಲ್ಲುವವನಿಗೆ ಸುಟ್ಟಗಾಯದ ಭಯವಾದರೆ ಕಾಡಿನಲ್ಲಿ ಮರ ಕಡಿಯುವವನಿಗೆ ಜ್ವರದ ಭಯ. ಇಂಥ ಪಟ್ಟಣಕ್ಕೆ ಆಸ್ಪತ್ರೆ ದಾನಧರ್ಮದ ವಿಷಯವಾಗಿರಲಿಲ್ಲ, ಉತ್ಪಾದನೆಯ ಲೆಕ್ಕದಲ್ಲೇ ಬರುವ ಖರ್ಚಾಗಿತ್ತು. ಕಾರ್ಖಾನೆಯ ಊರುಗಳಲ್ಲಿ ಆಸ್ಪತ್ರೆ ಬೇಗ ಬಂದು, ಹತ್ತಾರು ಮೈಲಿ ಆಚೆಯ ಹಳ್ಳಿಗೆ ಬಾರದೆ ಉಳಿದದ್ದು ಈ ಕಾರಣಕ್ಕೇ ಎಂದು ನನ್ನ ಎಣಿಕೆ.

ಮೈಸೂರು ಸಂಸ್ಥಾನ ಆಗ ಎರಡು ದಾರಿಯಲ್ಲೂ ಒಟ್ಟಿಗೆ ನಡೆಯುತ್ತಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಪದವೀಧರ ವೈದ್ಯರು ಅಲ್ಲಿಂದ ಬರತೊಡಗಿದರು. ಇನ್ನೊಂದು ಕಡೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಮೀಕ್ಷೆಗಳು ನಡೆದವು. ಡಬ್ಲ್ಯು.ಸಿ. ಸ್ವೀಟ್ ಎಂಬ ವೈದ್ಯ ಸಂಸ್ಥಾನದ ಮಲೇರಿಯಾದ ಬಗ್ಗೆ ಬರೆದ ಲೇಖನಗಳು ಈಗಲೂ ಸಂಶೋಧಕರಿಗೆ ಆಕರ. 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಕೇಂದ್ರವೊಂದು ತಲೆಯೆತ್ತಿತು. ಒಬ್ಬ ವೈದ್ಯ, ಅವನ ಸುತ್ತ ತರಬೇತಾದ ಸೂಲಗಿತ್ತಿಯರು, ಆರೋಗ್ಯ ಸಂದರ್ಶಕಿಯರು, ಇನ್ಸ್‌ಪೆಕ್ಟರರು. ರೋಗಿ ಬರಲೆಂದು ಕಾಯದೆ ಮನೆಮನೆಗೆ ಹೋಗುವ ಪದ್ಧತಿ. ಹಾಸನದ ರೆಡ್‌ಫರ್ನ್, ಮೈಸೂರಿನ ಹೋಲ್ಡ್ಸ್‌ವರ್ತ್ ಮುಂತಾದ ಮಿಷನ್ ಆಸ್ಪತ್ರೆಗಳಲ್ಲಿ ದಾದಿಯರ ಕೆಲಸವನ್ನೇ ಬಾಳಿನ ವೃತ್ತಿಯಾಗಿ ಹಿಡಿದ ಹೆಣ್ಣುಮಕ್ಕಳ ಮೊದಲ ತಲೆಮಾರು ಆಗಲೇ ಕಾಣಿಸಿಕೊಂಡಿತ್ತು.

1943ರಲ್ಲಿ ಸರ್ಕಾರ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1946ರಲ್ಲಿ ಅದರ ವರದಿ ಬಂತು. ಸ್ವತಂತ್ರ ಭಾರತದ ಆರೋಗ್ಯ ವ್ಯವಸ್ಥೆಯ ಪಾಯ ಎಂದು ಎಲ್ಲರೂ ಹೊಗಳುವ ಈ ವರದಿಯಲ್ಲಿ ಕಣ್ಣಿಗೆ ರಾಚುವ ಲೆಕ್ಕವೊಂದಿದೆ. ಆಗ ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ನರ್ಸ್, 60,000 ಜನರಿಗೆ ಒಬ್ಬ ತರಬೇತಾದ ಸೂಲಗಿತ್ತಿ. ವೈದ್ಯರಿಗಿಂತ ಏಳು ಪಟ್ಟು ಹೆಚ್ಚು ಕೊರತೆಯಿದ್ದದ್ದು ನರ್ಸುಗಳದ್ದು. ಆದರೂ ಸಮಿತಿಯ ಬಿಸಿಬಿಸಿ ಚರ್ಚೆ ನಡೆದದ್ದು ವೈದ್ಯರು ಎಂಥವರಿರಬೇಕು ಎಂಬುದರ ಮೇಲೆ. ಬಹುಮತದವರು ಇನ್ನು ಮುಂದೆ ಒಂದೇ ಬಗೆಯ ವೈದ್ಯ ಸಾಕು ಎಂದರು. ಅವನಿಗೆ 'ಬೇಸಿಕ್ ಡಾಕ್ಟರ್' ಎಂಬ ಹೆಸರಿಟ್ಟು, ಲೈಸೆನ್ಸಿಯೇಟ್ ಕೋರ್ಸು ನಿಲ್ಲಿಸಿ, ಹಣವನ್ನೆಲ್ಲ ಪದವಿ ಕಾಲೇಜುಗಳಿಗೆ ಹಾಕಬೇಕೆಂದು ಸೂಚಿಸಿದರು. ಪಟ್ಟಣದವನಿಗೊಬ್ಬ ಡಾಕ್ಟರು, ಹಳ್ಳಿಯವನಿಗೆ ಅವನಿಗಿಂತ ಕಡಿಮೆ ಓದಿದ ಇನ್ನೊಬ್ಬ ಎಂಬ ತಾರತಮ್ಯ ಸ್ವತಂತ್ರ ದೇಶಕ್ಕೆ ಒಪ್ಪುವಂಥದ್ದಲ್ಲ ಎಂಬುದು ಅವರ ವಾದ. ಸಬ್ ಅಸಿಸ್ಟೆಂಟ್ ಸರ್ಜನ್ ಎಂದು ಕರೆಸಿಕೊಂಡು ವರ್ಷಗಟ್ಟಲೆ ಅವಮಾನ ನುಂಗಿದ್ದ ಲೈಸೆನ್ಸಿಯೇಟರ ಸಂಘಗಳೂ ಒಂದೇ ಮಟ್ಟ ಬೇಕೆಂದು ಕೇಳುತ್ತಿದ್ದವು. ಆದ್ದರಿಂದ ಈ ತೀರ್ಮಾನ ಮೇಲಿನವರು ಕೆಳಗಿನವರ ಮೇಲೆ ಹೇರಿದ್ದು ಎನ್ನುವಂತಿಲ್ಲ.

ಆರು ಮಂದಿ ಸದಸ್ಯರು ಒಪ್ಪಲಿಲ್ಲ. ದೇಶಕ್ಕೆ ಬೇಕಾದಷ್ಟು ಪದವೀಧರರು ತಯಾರಾಗಲು ದಶಕಗಳೇ ಬೇಕು, ಅಲ್ಲಿಯವರೆಗೆ ಹಳ್ಳಿಯನ್ನು ನೋಡಿಕೊಳ್ಳುವವರು ಯಾರು ಎಂಬ ಅರ್ಥದ ಭಿನ್ನಮತ ದಾಖಲಿಸಿದರು. ಇದಕ್ಕೂ ಮೊದಲು ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿಯ ಅಡಿಯಲ್ಲಿ ಕರ್ನಲ್ ಎಸ್.ಎಸ್. ಸೋಖೆ ಅವರ ಉಪಸಮಿತಿ ಬೇರೆಯೇ ಮಾತಾಡಿತ್ತು: ಪ್ರತಿ ಸಾವಿರ ಜನರಿಗೆ ಊರಿನವರೇ ಆದ ಒಬ್ಬ ತರಬೇತಾದ ಆರೋಗ್ಯ ಕಾರ್ಯಕರ್ತ. ಹೀಗೆ ದೇಶದ ಮುಂದೆ ಮೂರು ದಾರಿಗಳು ತೆರೆದಿದ್ದವು. ಎತ್ತರದ ಒಂದೇ ದಾರಿಯನ್ನು ಆರಿಸಿಕೊಂಡೆವು. ಮೆಡಿಕಲ್ ಸ್ಕೂಲುಗಳಲ್ಲಿ ಕೆಲವು ಕಾಲೇಜುಗಳಾದವು, ಕೆಲವು ಮುಚ್ಚಿದವು. ಹಳೆಯ ಎಲ್‌ಎಂಪಿಗಳು ನಿವೃತ್ತರಾಗುತ್ತ ಬಂದರು, ಅವರ ಜಾಗಕ್ಕೆ ಅಂಥವರೇ ಇನ್ನೊಬ್ಬರು ಬರಲಿಲ್ಲ.

ಇದು ತಪ್ಪೋ ಸರಿಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಭಾರತದ ಆರೋಗ್ಯ ರಾಜಕಾರಣದ ಬಗ್ಗೆ ಬರೆದ ರೋಜರ್ ಜೆಫ್ರಿ ಅವರಂಥವರು ವೈದ್ಯ ವೃತ್ತಿಯ ಒಳಗಿನ ಹಿತಾಸಕ್ತಿಗಳನ್ನು ಎತ್ತಿ ತೋರಿಸಿದ್ದಾರೆ. ಡೆಬಬರ್ ಬ್ಯಾನರ್ಜಿ ಇದನ್ನೆಲ್ಲ ಪಟ್ಟಣದ ಮೇಲ್ವರ್ಗದ ಕಣ್ಣಿನಿಂದ ರೂಪುಗೊಂಡ ವ್ಯವಸ್ಥೆಯ ಭಾಗವಾಗಿ ನೋಡಿದರು. ಭೋರ್ ವರದಿಯ ಪರ ನಿಲ್ಲುವವರ ಪ್ರಕಾರ ದೋಷ ವರದಿಯದ್ದಲ್ಲ, ಅದನ್ನು ಅರ್ಧ ಮಾತ್ರ ಜಾರಿಗೆ ತಂದ ಸರ್ಕಾರಗಳದ್ದು. ನನಗೆ ಈ ಕೊನೆಯ ಮಾತಿನಲ್ಲಿ ಹೆಚ್ಚು ಹುರುಳು ಕಾಣುತ್ತದೆ. ಏಕೆಂದರೆ ವರದಿ ಕೇಳಿದ್ದು ಡಾಕ್ಟರನ್ನಷ್ಟೇ ಅಲ್ಲ. ಮೊದಲ ಹಂತದಲ್ಲೇ 40,000 ಜನರ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರು ವೈದ್ಯರು, ಅವರ ಜೊತೆಗೆ ಆಸ್ಪತ್ರೆಯ ನರ್ಸ್ ಒಬ್ಬಳು, ಸಾರ್ವಜನಿಕ ಆರೋಗ್ಯ ನರ್ಸುಗಳು ನಾಲ್ವರು, ಸೂಲಗಿತ್ತಿಯರು ನಾಲ್ವರು, ತರಬೇತಾದ ದಾಯಿಯರು ನಾಲ್ವರು. ಹೆಣ್ಣುಮಕ್ಕಳ ಕೈಯಲ್ಲೇ ಕೇಂದ್ರದ ಮುಕ್ಕಾಲು ಕೆಲಸ ನಡೆಯಬೇಕು ಎಂಬ ಲೆಕ್ಕಾಚಾರ. ಕೆಳಗಿನ ವೈದ್ಯನನ್ನು ತೆಗೆದುಹಾಕುವ ಶಿಫಾರಸು ಬೇಗ ಜಾರಿಯಾಯಿತು. ಅವನ ಜಾಗ ತುಂಬಬಹುದಾಗಿದ್ದ ನರ್ಸುಗಳ ದಂಡು ಕಾಗದದಲ್ಲೇ ಉಳಿಯಿತು. ಭಾರತದ ನರ್ಸುಗಳ ಇತಿಹಾಸವನ್ನು ಬರೆದ ಮ್ಯಾಡಲಿನ್ ಹೀಲಿ, ಈ ವೃತ್ತಿಯನ್ನು ಸರ್ಕಾರ ಹೇಗೆ ಸದಾ ವೈದ್ಯರ ನೆರಳಿನಲ್ಲೇ ಇಟ್ಟಿತು ಎಂಬುದನ್ನು ವಿವರವಾಗಿ ತೋರಿಸುತ್ತಾರೆ. 1947ರ ಕೊನೆಯಲ್ಲಿ ಬಂದ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ತರಬೇತಿಗೆ ಒಂದೇ ಮಟ್ಟ ತರುವುದಕ್ಕೆ ಹುಟ್ಟಿದ್ದು. ನರ್ಸ್ ತಾನೇ ನಿರ್ಧರಿಸಬಹುದಾದದ್ದು ಏನು ಎಂಬ ಪ್ರಶ್ನೆಗೆ ಅದು ಕೈಹಾಕಲಿಲ್ಲ.

ಮಲೆನಾಡಿನಲ್ಲಿ ಈ ಕೊರತೆ ಬೆತ್ತಲಾದದ್ದು 1957ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮುಸಿಯ, ಕೋತಿ ಎರಡೂ. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಕಾಡಿಗೆ ಹೋಗಿ ಬಂದವರು ಭಾರೀ ಜ್ವರ, ತಲೆನೋವು, ಮೈಕೈ ನೋವಿನಿಂದ ಮಲಗಿದರು. ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಮೊದಲು ಟೈಫಾಯ್ಡ್ ಇರಬಹುದೆಂದುಕೊಂಡರು. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿನವರು ಬೆಚ್ಚಿದರು: ಏಷ್ಯಾ ಅದುವರೆಗೆ ಕಾಣದ ಹಳದಿ ಜ್ವರ ಬಂದೇಬಿಟ್ಟಿತೇ? ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮುಂತಾದ ವಿಜ್ಞಾನಿಗಳು ಶಿವಮೊಗ್ಗದ ಕಾಡಿಗೆ ಬಂದರು. ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ಬಳಗಕ್ಕೆ ಸೇರಿದ್ದು. ನಮ್ಮವರು ಅದಕ್ಕೆ ಮಂಗನ ಕಾಯಿಲೆ ಎಂದರು. ಜಗತ್ತಿನ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆಯಾಯಿತು.

ವಿಜ್ಞಾನದ ಇತಿಹಾಸದಲ್ಲಿ ಇದು ಮೆಚ್ಚುವ ಅಧ್ಯಾಯ. ಆದರೆ ರೋಗಿಯ ಹಾಸಿಗೆಯ ಕಡೆಯಿಂದ ನೋಡಿದರೆ ಬೇರೆ ಸಂಗತಿಯೊಂದು ಎದ್ದು ಕಾಣುತ್ತದೆ. ಈ ಕಾಯಿಲೆಗೆ ಆಗಲೂ ಇದರದ್ದೇ ಎನ್ನುವ ಔಷಧ ಇರಲಿಲ್ಲ, ಈಗಲೂ ಇಲ್ಲ. ಮಾಡಬಹುದಾದದ್ದು ಆರೈಕೆ. ಜ್ವರ ಏರದಂತೆ ನೋಡುವುದು, ದೇಹದಲ್ಲಿ ನೀರು ಕಡಿಮೆಯಾಗದಂತೆ ಕಾಯುವುದು, ರಕ್ತದೊತ್ತಡ ಕುಸಿಯುವ ಮೊದಲೇ ಗುರುತಿಸುವುದು, ರಕ್ತಸ್ರಾವದ ಮೊದಲ ಸುಳಿವು ಕಂಡಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಒಂದೊಂದೂ ನರ್ಸ್‌ನ ಕೆಲಸ. ಮಂಗನ ಕಾಯಿಲೆಯ ಸೀಮೆಯಲ್ಲಿ ಚಿಕಿತ್ಸೆ ಎಂಬುದೇ ನರ್ಸಿಂಗ್. ಮುಂದೆ ಲಸಿಕೆ ಬಂದಾಗಲೂ ಒಂದು ತಿಂಗಳ ಅಂತರದ ಎರಡು ಡೋಸು, ಆಮೇಲೆ ಬೂಸ್ಟರು, ಅದನ್ನು ಹೊತ್ತುಕೊಂಡು ಒಂಟಿಮನೆಗಳಿಗೆ ಏರಿ ಇಳಿದವರು ನರ್ಸಮ್ಮಂದಿರು. ಕಾಡಿಗೆ ಹೋಗುವ ಮೊದಲು ಮೈಗೆ ಬಳಿದುಕೊಳ್ಳುವ ಎಣ್ಣೆಯ ಬಾಟಲಿ ಹಂಚಿದವರೂ ಅವರೇ, ಆಮೇಲೆ ಆಶಾ ಕಾರ್ಯಕರ್ತೆಯರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರು ಹರಡಿ ಸಾಗರ ತಾಲ್ಲೂಕಿನ ತುಮರಿ ಕಡೆಯ ಊರುಗಳು ತಮ್ಮದೇ ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಅಲ್ಲೇ ವಾಸವಿರುವ ನರ್ಸೋ ಇಡೀ ರಾತ್ರಿ ಕಾಡುದಾರಿಯ ಸುತ್ತೋ. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆ ತನ್ನ ಮಗ್ಗುಲಲ್ಲೇ ಇಂಥದೊಂದು ಕತ್ತಲನ್ನು ಉಳಿಸಿತು. ಡಾಕ್ಟರಿಲ್ಲದ ಕಡೆ ನರ್ಸ್ ತಾನೇ ನಿರ್ಧಾರ ತೆಗೆದುಕೊಳ್ಳಬಹುದೇ ಎಂದು ದೆಹಲಿಯ ಸಮಿತಿಗಳು ಚರ್ಚಿಸುತ್ತಿದ್ದರೆ ಇಲ್ಲಿ ದಿನವೂ ಅದು ನಡೆದೇ ಇತ್ತು.

ಮಾರನೇ ವರ್ಷ, 1965ರಲ್ಲಿ, ಎರಡು ದೇಶಗಳು ಎರಡು ದಿಕ್ಕಿಗೆ ಹೊರಟವು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ನರ್ಸ್ ಪ್ರಾಕ್ಟಿಷನರ್ ಎಂಬ ಹೊಸ ತರಬೇತಿ ಆರಂಭಿಸಿದರು. ಹಳ್ಳಿಗಾಡಿನಲ್ಲಿ ಮಕ್ಕಳ ಡಾಕ್ಟರಿಲ್ಲ, ಅನುಭವಿ ನರ್ಸುಗಳಿದ್ದಾರೆ, ಅವರಿಗೆ ಇನ್ನಷ್ಟು ಕಲಿಸಿ ಜವಾಬ್ದಾರಿ ಕೊಡೋಣ ಎಂಬ ಸರಳ ಯೋಚನೆ. ಇಂದು ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವರು ಡಾಕ್ಟರ ಸಹಿಯಿಲ್ಲದೆ ರೋಗ ಪತ್ತೆ ಮಾಡಿ ಔಷಧ ಬರೆಯಬಹುದು. ಉಳಿದ ರಾಜ್ಯಗಳಲ್ಲಿ ವೈದ್ಯರ ಸಂಘಗಳ ಜೊತೆ ಜಗ್ಗಾಟ ನಡೆದೇ ಇದೆ. ಅದೇ 1965ರಲ್ಲಿ ಭಾರತ ಕುಟುಂಬ ಯೋಜನೆಗೆ ಲೂಪ್ ಅಭಿಯಾನ ಶುರುಮಾಡಿತು. ಹೆರಿಗೆ ಮಾಡಿಸುವುದಕ್ಕೆಂದೇ ತಯಾರಾಗಿದ್ದ ಸಹಾಯಕ ನರ್ಸ್ ಮಿಡ್‌ವೈಫರ, ಅಂದರೆ ಎಎನ್‌ಎಂಗಳ, ಕೈಗೆ ಟಾರ್ಗೆಟ್ ಪಟ್ಟಿ ಬಂತು. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ಬಹೂದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಿತು. ಎರಡು ವರ್ಷವಿದ್ದ ತರಬೇತಿ ಹದಿನೆಂಟು ತಿಂಗಳಿಗೆ ಇಳಿಯಿತು. ಅಹಮದಾಬಾದಿನ ದಿಲೀಪ್ ಮಾವಳಂಕರ್ ಮತ್ತು ಅವರ ಸಹೋದ್ಯೋಗಿಗಳು ಎಎನ್‌ಎಂಗಳ ಪಾತ್ರ ಹೇಗೆ ಬದಲಾಯಿತೆಂಬುದನ್ನು ಬರೆಯುತ್ತ ಇದನ್ನೇ ಎತ್ತಿ ತೋರಿಸಿದ್ದಾರೆ: ಸೂಲಗಿತ್ತಿಯ ಕೈಚಳಕವಿದ್ದವಳು ಕ್ರಮೇಣ ಲಸಿಕೆ ಹಾಕುವ, ಲೆಕ್ಕ ಬರೆಯುವ ನೌಕರಳಾದಳು. ಕರ್ನಾಟಕದಲ್ಲಿ ಅವಳ ಹುದ್ದೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಹೆಸರಿತ್ತು. ಸಹಾಯಕಿ ಯಾರಿಗೆ? ಉಪಕೇಂದ್ರದಲ್ಲಿ ಅವಳ ಮೇಲೆ ಕೂರುವವರು ಯಾರೂ ಇರಲಿಲ್ಲ.

ಭದ್ರಾವತಿಯ ಹಾದಿ ಇದಕ್ಕಿಂತ ಬೇರೆ. ಕಬ್ಬಿಣದ ಕಾರ್ಖಾನೆಯ ಜೊತೆಗೆ 1930ರ ದಶಕದ ಕೊನೆಗೆ ಕಾಗದದ ಕಾರ್ಖಾನೆಯೂ ಸೇರಿ, ನ್ಯೂ ಟೌನ್, ಪೇಪರ್ ಟೌನ್ ಎಂಬ ಎರಡು ಬಡಾವಣೆಗಳಲ್ಲಿ ಸಾವಿರಾರು ಕುಟುಂಬಗಳಿಗೆ ನೌಕರಿಯ ಜೊತೆಗೇ ಔಷಧೋಪಚಾರವೂ ಸಿಗುತ್ತಿತ್ತು. ಆಗ ಅಲ್ಲಿ ಡಾಕ್ಟರ ಕೊರತೆ ಎಂದರೆ ಬೇರೆ ಊರಿನ ಸುದ್ದಿ. ಈ ಭಾಗ್ಯ ಕಾರ್ಖಾನೆಯ ಚಿಮಣಿಗೆ ಕಟ್ಟಿಕೊಂಡಿತ್ತು. 2015ರಲ್ಲಿ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. 1998ರಲ್ಲಿ ಕೇಂದ್ರದ ಉಕ್ಕಿನ ಸಂಸ್ಥೆ ಸೈಲ್‌ನಲ್ಲಿ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಸಂಬಳ ಹೋದವನು ಆಸ್ಪತ್ರೆಯ ಕಾರ್ಡನ್ನೂ ಕಳೆದುಕೊಳ್ಳುತ್ತಾನೆ. ಇಷ್ಟು ದಿನ ಕಂಪನಿ ನೋಡಿಕೊಂಡಿದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಸರ್ಕಾರಿ ಆಸ್ಪತ್ರೆಯ ಸಾಲಿಗೆ ಬರುತ್ತವೆ. ಇಪ್ಪತ್ತು ಕಿಲೋಮೀಟರಿನಷ್ಟು ಆಚೆಗಿರುವ ಶಿವಮೊಗ್ಗದಲ್ಲಿ ನಡೆದದ್ದು ಇದರ ತಿರುವುಮುರುವು. ಜಿಲ್ಲೆಯವರೆಲ್ಲ ಮೆಗ್ಗಾನ್ ಎಂದೇ ಕರೆಯುವ ಹಳೆಯ ಜಿಲ್ಲಾಸ್ಪತ್ರೆ 2007ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಬೋಧನಾ ಆಸ್ಪತ್ರೆಯಾಯಿತು. ವರ್ಷವರ್ಷವೂ ಹೊಸ ಡಾಕ್ಟರುಗಳು ಇಲ್ಲೇ ತಯಾರಾಗುತ್ತಾರೆ. ಅವರನ್ನು ಹಳ್ಳಿಗೆ ಕಳಿಸಲು ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ಮಾಡಬೇಕಾಯಿತು, ಅದನ್ನು ಪ್ರಶ್ನಿಸಿ ವಿದ್ಯಾರ್ಥಿಗಳು ಕೋರ್ಟಿಗೂ ಹೋದರು. 1946ರ ಬೇಸಿಕ್ ಡಾಕ್ಟರ್ ತಾನಾಗಿ ಹಳ್ಳಿಗೆ ಹೋಗುತ್ತಾನೆ ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮುಚ್ಚಿದ ಮೆಟ್ಟಿಲನ್ನು ಬೇರೆ ಹೆಸರಿನಲ್ಲಿ ಮತ್ತೆ ಕಟ್ಟುವ ಯತ್ನ ಹೊರಗಿನ ರಾಜ್ಯಗಳಲ್ಲಿ ನಡೆಯಿತು. ಛತ್ತೀಸ್‌ಗಢ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸು ತಂದಿತು. ವೈದ್ಯರ ವಿರೋಧ, ಕೋರ್ಟು ಕಚೇರಿಗಳ ನಡುವೆ ಕೋರ್ಸು ನಿಂತಿತಾದರೂ ಅದರಿಂದ ಹೊರಬಂದವರು ಗ್ರಾಮೀಣ ವೈದ್ಯಕೀಯ ಸಹಾಯಕರಾಗಿ ಪ್ರಾಥಮಿಕ ಕೇಂದ್ರಗಳಲ್ಲಿ ಕೂತರು. ಕೃಷ್ಣ ಡಿ. ರಾವ್ ಮತ್ತು ಸಂಗಡಿಗರು ಅವರನ್ನು ಎಂಬಿಬಿಎಸ್ ವೈದ್ಯರ ಜೊತೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ, ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಇಬ್ಬರ ಸಾಮರ್ಥ್ಯವೂ ಸರಿಸಮ ಎಂದು ಕಂಡಿತು. ನರ್ಸುಗಳ ಪರ ಮಾತಾಡುವವರು ಈ ಅಧ್ಯಯನವನ್ನು ಆಗಾಗ ಎತ್ತುತ್ತಾರೆ, ಆದರೆ ಅದರ ಇನ್ನೊಂದು ತುದಿಯನ್ನು ಬಿಟ್ಟುಬಿಡುತ್ತಾರೆ. ರೋಗ ಪತ್ತೆಯ ತರಬೇತಿಯೇ ಇಲ್ಲದೆ, ಡಾಕ್ಟರಿಲ್ಲದ ಕಾರಣಕ್ಕೆ ರೋಗಿ ನೋಡುತ್ತಿದ್ದ ನರ್ಸುಗಳು ಮತ್ತು ಫಾರ್ಮಾಸಿಸ್ಟರು ಅದೇ ಅಧ್ಯಯನದಲ್ಲಿ ಹಿಂದೆ ಬಿದ್ದಿದ್ದರು. ಖಾಲಿ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸುವುದು ಒಂದು, ಆ ಕುರ್ಚಿಗೆಂದೇ ಕಲಿಸುವುದು ಇನ್ನೊಂದು. ಅಸ್ಸಾಂ 2004ರ ಕಾಯ್ದೆಯ ಮೂಲಕ ಇಂಥದೇ ಡಿಪ್ಲೊಮಾ ತಂದಿತು. ಗುವಾಹಟಿ ಹೈಕೋರ್ಟ್ 2014ರಲ್ಲಿ ಅದನ್ನು ರದ್ದು ಮಾಡಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ವೈದ್ಯಕೀಯ ಶಿಕ್ಷಣದ ಮಟ್ಟ ನಿರ್ಧರಿಸುವುದು ಕೇಂದ್ರದ ಅಧಿಕಾರ ಎಂಬುದು ಅದರ ಸಾರ. ಆದರೆ ಆ ಡಿಪ್ಲೊಮಾದವರು ಸಮುದಾಯ ಆರೋಗ್ಯ ವೃತ್ತಿಪರರೆಂಬ ಬೇರೆ ಹೆಸರಿನಲ್ಲಿ ಕೆಲಸ ಮಾಡಲು ಅಸ್ಸಾಂ ಆಮೇಲೆ ತಂದ ಕಾಯ್ದೆಯನ್ನು ಅದೇ ತೀರ್ಪು ಉಳಿಸಿತು.

ಈ ಕತೆಯ ಎಲ್ಲ ಎಳೆಗಳು ಗಂಟು ಬಿದ್ದದ್ದು 2018 ಮತ್ತು 2019ರಲ್ಲಿ. 2018ರ ಏಪ್ರಿಲ್‌ನಲ್ಲಿ ಆಯುಷ್ಮಾನ್ ಭಾರತದ ಮೊದಲ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಛತ್ತೀಸ್‌ಗಢದಲ್ಲಿ ಉದ್ಘಾಟನೆಯಾಯಿತು. ಇಂಥ ಒಂದೂವರೆ ಲಕ್ಷ ಕೇಂದ್ರಗಳ ಗುರಿ. ಉಪಕೇಂದ್ರಕ್ಕೆ ಎಎನ್‌ಎಂ ಮೇಲೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ. ಅದೇ ವರ್ಷ ಸಾವಿರಾರು ಹೆರಿಗೆ ಮಾಡಿಸಿದ್ದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಹಜ ಹೆರಿಗೆಯನ್ನು ತಾವೇ ನಡೆಸಬಲ್ಲ ನರ್ಸ್ ಪ್ರಾಕ್ಟಿಷನರ್ ಮಿಡ್‌ವೈಫರ ಕುರಿತ ಮಾರ್ಗಸೂಚಿ ಹೊರಡಿಸಿತು, ಅದೇ ತಿಂಗಳು ನರಸಮ್ಮ ತೀರಿಕೊಂಡರು. ಮತ್ತು ಅದೇ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಅಬ್ಬರಿಸಿತು. ಸಾಲುಸಾಲು ಸಾವುಗಳು. ಕಾಯಿಲೆ ಬಿದ್ದವರನ್ನು ಮೆಗ್ಗಾನ್‌ಗೆ, ಅಲ್ಲಿಂದಾಚೆ ಮಣಿಪಾಲಕ್ಕೆ ಸಾಗಿಸಿದರು. ಅರುವತ್ತು ವರ್ಷಗಳ ಹಿಂದೆ ಪುಣೆಯಿಂದ ವಿಜ್ಞಾನಿಗಳು ಬಂದಿದ್ದ ಜಿಲ್ಲೆಯಲ್ಲಿ, ಜ್ವರ ಬಂದವನನ್ನು ಮೊದಲ ದಿನವೇ ನೋಡಿ, ರಕ್ತ ತೆಗೆದು ಕಳಿಸಿ, ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು ಯಾರನ್ನು ಸಾಗಿಸಬೇಕು ಎಂದು ತೀರ್ಮಾನಿಸುವವರು ಊರಿನ ಹತ್ತಿರವೇ ಸಾಕಷ್ಟು ಇರಬೇಕಿತ್ತು ಎಂಬುದು ಆ ಚಳಿಗಾಲದ ಪಾಠ.

2019ರ ಜುಲೈನಲ್ಲಿ ಸಂಸತ್ತಿನ ಮುಂದೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆ ಬಂತು. ಅದರ 32ನೇ ಕಲಮು, ಆಧುನಿಕ ವೈದ್ಯಪದ್ಧತಿಯ ಜೊತೆ ನಂಟಿರುವವರಿಗೆ ಸಮುದಾಯ ಆರೋಗ್ಯ ಸೇವಾದಾರರೆಂದು ಸೀಮಿತ ಪರವಾನಗಿ ಕೊಡಬಹುದು ಎಂದಿತು. ಪ್ರಾಥಮಿಕ ಮತ್ತು ರೋಗತಡೆಯ ಚಿಕಿತ್ಸೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು, ಉಳಿದೆಡೆ ವೈದ್ಯರ ಮೇಲ್ವಿಚಾರಣೆ ಬೇಕು, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದು. ಎಪ್ಪತ್ತಮೂರು ವರ್ಷಗಳ ಬಳಿಕ ಲೈಸೆನ್ಸಿಯೇಟ್ ಎಂಬ ಪದವೇ ಇಲ್ಲದೆ ಆ ಯೋಚನೆ ವಾಪಸ್ ಬಂದಿತ್ತು. ಲೋಕಸಭೆ ಅಂಗೀಕರಿಸಿದ ಎರಡೇ ದಿನಕ್ಕೆ, ಜುಲೈ 31ರಂದು, ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ 24 ಗಂಟೆ ಹೊರರೋಗಿ ಸೇವೆ ನಿಲ್ಲಿಸಲು ಕರೆ ಕೊಟ್ಟಿತು. ಇದು ನಕಲಿ ವೈದ್ಯರಿಗೆ ಕಾನೂನಿನ ಬಾಗಿಲು ತೆರೆದಂತೆ ಎಂಬುದು ಸಂಘದ ಆಕ್ಷೇಪ. ಹಳ್ಳಿಯ ಜನ ಎರಡನೇ ದರ್ಜೆಯ ಚಿಕಿತ್ಸೆಗೆ ಯಾಕೆ ಒಪ್ಪಬೇಕು ಎಂಬ ಹಳೆಯ ಪ್ರಶ್ನೆಯನ್ನೂ ಮುಂದಿಟ್ಟರು. ಆಗಸ್ಟ್ 1ರಂದು ರಾಜ್ಯಸಭೆಯೂ ಒಪ್ಪಿತು, ಅದೇ ತಿಂಗಳು ರಾಷ್ಟ್ರಪತಿಗಳ ಅಂಕಿತ ಬಿತ್ತು.

ವೈದ್ಯರ ಭಯವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಂಜೆಕ್ಷನ್ ಚುಚ್ಚುವ, ಸ್ಟಿರಾಯ್ಡ್ ಮಾತ್ರೆ ಹಂಚುವ ನಕಲಿಗಳು ನಮ್ಮ ಜಿಲ್ಲೆಗೂ ಹೊಸಬರಲ್ಲ. ಆ ಕಲಮು ಯಾರು ಈ ಸೇವಾದಾರರು, ಎಷ್ಟು ಓದಿರಬೇಕು ಎಂಬುದನ್ನು ಬಿಡಿಸಿ ಹೇಳದೆ ಮುಂದಿನ ನಿಯಮಗಳಿಗೆ ಬಿಟ್ಟದ್ದೂ ದೊಡ್ಡ ದೌರ್ಬಲ್ಯವೇ. ಆದರೆ ಹಳ್ಳಿಗೆ ಎರಡನೇ ದರ್ಜೆ ಸಲ್ಲದು ಎನ್ನುವ ವಾದಕ್ಕೆ ಬಲ ಬರುವುದು ಮೊದಲ ದರ್ಜೆ ಅಲ್ಲಿಗೆ ತಲುಪಿದಾಗ. 1946ರಿಂದ ತಲುಪಲಿಲ್ಲ. ಈ ಮಧ್ಯೆ ಸರ್ಕಾರಗಳೇ ಒಂದೊಂದಾಗಿ ನರ್ಸ್‌ನ ಕೈಗೆ ಡಾಕ್ಟರ ಕೆಲಸ ಜಾರಿಸಿವೆ. 2005ರ ಮಾರ್ಗಸೂಚಿಯಲ್ಲಿ ಎಎನ್‌ಎಂಗೆ ಹೆರಿಗೆಯ ತುರ್ತಿನಲ್ಲಿ ಆಕ್ಸಿಟೋಸಿನ್, ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು ಕೊಡಲು ಅನುಮತಿ ಸಿಕ್ಕಿತು. ತಾಯಿಯ ಜೀವ ಉಳಿಸುವ, ಅಳತೆ ತಪ್ಪಿದರೆ ಜೀವ ತೆಗೆಯುವ ಔಷಧಗಳಿವು. ಇದನ್ನು ಅವಳ ಕೈಯಲ್ಲಿಡಬಹುದಾದರೆ ರಕ್ತದೊತ್ತಡದ ಮೊದಲ ಮಾತ್ರೆಯನ್ನು ಇಡಬಾರದೇಕೆ ಎಂಬುದಕ್ಕೆ ವೈದ್ಯಶಾಸ್ತ್ರದ ಕಾರಣಕ್ಕಿಂತ ವೃತ್ತಿಯ ಗಡಿಯ ಕಾರಣವೇ ಹೆಚ್ಚು ಕಾಣುತ್ತದೆ.

ಕಾಯ್ದೆಯಾದ ಮೇಲೂ 32ನೇ ಕಲಮು ಹಳ್ಳಿಯ ಚಿಕಿತ್ಸೆಯನ್ನು ಬದಲಿಸಲಿಲ್ಲ. ಅದರ ಜಾಗಕ್ಕೆ ತಂತ್ರಜ್ಞಾನ ಬಂತು. 2019ರ ನವೆಂಬರ್‌ನಲ್ಲಿ ಶುರುವಾದ ಇ-ಸಂಜೀವಿನಿ ಮೂಲಕ ಉಪಕೇಂದ್ರದ ಸಿಎಚ್‌ಒ ದೂರದ ಡಾಕ್ಟರೊಂದಿಗೆ ಮಾತಾಡಿ ಔಷಧ ಚೀಟಿ ಪಡೆಯುತ್ತಾಳೆ. ರೋಗಿಯನ್ನು ಮುಟ್ಟಿ ನೋಡಿದವಳು ಅವಳು, ಚೀಟಿಯ ಕೆಳಗೆ ಹೆಸರು ಮುಟ್ಟದವರದ್ದು. ಕೋವಿಡ್ ಕಾಲದಲ್ಲಿ ಈ ವ್ಯವಸ್ಥೆ ನಿಜಕ್ಕೂ ಉಪಕಾರ ಮಾಡಿತು. ಬೆಟ್ಟದ ಮಗ್ಗುಲಿನ ಊರಿನಲ್ಲಿ ನೆಟ್‌ವರ್ಕ್ ಇಲ್ಲದ ದಿನ ಏನು ಮಾಡಬೇಕೆಂದು ಮಾತ್ರ ಅದು ಹೇಳುವುದಿಲ್ಲ. ಪಟ್ಟಣಗಳ ಬಡ ವಾರ್ಡುಗಳಿಗೆಂದು ಕರ್ನಾಟಕ 2022ರ ಡಿಸೆಂಬರ್‌ನಿಂದ ತೆರೆದ ನಮ್ಮ ಕ್ಲಿನಿಕ್‌ಗಳು ಮತ್ತೆ ಎಂಬಿಬಿಎಸ್ ವೈದ್ಯರನ್ನೇ ನಡುವೆ ಇಟ್ಟುಕೊಂಡು ರೂಪುಗೊಂಡವು; ರಾಜ್ಯಕ್ಕೆ 438 ಕ್ಲಿನಿಕ್ ಎಂದರೆ 438 ಡಾಕ್ಟರು ಬೇಕು. ಆ ಹೊತ್ತಿಗೆ ಮಂಗನ ಕಾಯಿಲೆಯ ಹಳೆಯ ಲಸಿಕೆಯೂ ನಿಂತುಹೋಗಿತ್ತು. ಕಾಡಂಚಿನ ಜನಕ್ಕೆ ಉಳಿದದ್ದು ಮೈಗೆ ಬಳಿಯುವ ಎಣ್ಣೆ ಮತ್ತು ಬೇಗ ಜ್ವರ ಗುರುತಿಸುವ ಕಣ್ಣು. 2023ರಲ್ಲಿ 1947ರ ನರ್ಸಿಂಗ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ.

ನರ್ಸ್ ಡಾಕ್ಟರಾಗಬೇಕೇ ಎಂಬ ಚರ್ಚೆಯಲ್ಲಿ ಒಂದು ವಿಷಯ ಯಾವಾಗಲೂ ಹಿಂದೆ ಬೀಳುತ್ತದೆ: ತಪ್ಪಾದರೆ ಹೊಣೆ ಯಾರದು? ಅಮೆರಿಕದ ನರ್ಸ್ ಪ್ರಾಕ್ಟಿಷನರ್ ತನ್ನ ಪರವಾನಗಿಯ ಮೇಲೆ ಔಷಧ ಬರೆಯುತ್ತಾಳೆ, ತಪ್ಪಿದರೆ ಆ ಪರವಾನಗಿ ಕಳೆದುಕೊಳ್ಳುತ್ತಾಳೆ; ಹಕ್ಕು ಮತ್ತು ಹೊಣೆ ಒಂದೇ ಕಾಗದದಲ್ಲಿರುತ್ತವೆ. ನಮ್ಮ ಸಿಎಚ್‌ಒ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರಳು. ಔಷಧ ಬರೆಯುವ ಹಕ್ಕು ಅವಳದ್ದಲ್ಲ, ಆದರೆ ರಾತ್ರಿ ಬಾಗಿಲು ತಟ್ಟಿದವರಿಗೆ ಔಷಧ ಕೊಡದಿದ್ದರೆ ಊರಿನ ಬೈಗುಳ ಅವಳದ್ದು, ಕೊಟ್ಟು ಎಡವಟ್ಟಾದರೆ ಇಲಾಖೆಯ ನೋಟಿಸೂ ಅವಳದ್ದೇ. ಎಲ್‌ಎಂಪಿಗೆ ಸಂಬಳ ಕಡಿಮೆಯಿತ್ತು, ಗೌರವ ಕಡಿಮೆಯಿತ್ತು, ಆದರೆ ತಾನು ಬರೆದ ಚೀಟಿಯ ಕೆಳಗೆ ತನ್ನದೇ ಸಹಿ ಹಾಕುವ ಅಧಿಕಾರ ಕಾನೂನಿನಲ್ಲೇ ಇತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಉಪಕೇಂದ್ರಗಳಲ್ಲಿ ಕೂತಿರುವ ಈ ಹುಡುಗಿಯರಲ್ಲಿ ಅನೇಕರು ನಾಲ್ಕು ವರ್ಷ ನರ್ಸಿಂಗ್ ಓದಿದವರು, ಅಂದಿನ ಲೈಸೆನ್ಸಿಯೇಟರಿಗಿಂತ ಕಡಿಮೆ ವರ್ಷ ಓದಿದವರೇನಲ್ಲ. ಯಾವ ಯಾವ ಕಾಯಿಲೆಗೆ, ಯಾವ ಯಾವ ಔಷಧ, ಎಷ್ಟು ದಿನದವರೆಗೆ ಅವರೇ ಬರೆಯಬಹುದು ಎಂಬ ಪಟ್ಟಿ ಮಾಡಿ, ಅದಕ್ಕೆ ತಕ್ಕ ತರಬೇತಿ ಕೊಟ್ಟು, ಕಾನೂನಿನ ರಕ್ಷಣೆ ಒದಗಿಸಿ, ಗುತ್ತಿಗೆಯಿಂದ ಬಿಡಿಸುವುದಕ್ಕೆ ಹೊಸ ಸಮಿತಿಯೇನೂ ಬೇಕಾಗಿಲ್ಲ. ಭೋರ್ ಸಮಿತಿಯ ಆ ಆರು ಮಂದಿಯ ಭಿನ್ನಮತ ಇನ್ನೂ ಮುದ್ರಣದಲ್ಲಿದೆ.